ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ ಆದರೂ ಹಾರಾಟದ ಅವಧಿ ಏಕೆ ಬದಲಾಗುತ್ತದೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿಬಂದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: "ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದ ದೂರ ಎಷ್ಟು ಎಂದು ಹುಡುಕಿದರೆ ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550 ಎಂದು ಸಿಗುತ್ತದೆ. ನೇರ ವಿಮಾನದಲ್ಲಿ ಹೋಗುವಾಗ ಹದಿನಾರು ಗಂಟೆ ಹಿಡಿದದ್ದು ಬರುವಾಗ ಹದಿನೇಳೂವರೆ ಗಂಟೆ ಹಿಡಿಯಿತು. ಸೀಟಿನ ಮುಂದಿನ ಪರದೆಯಲ್ಲಿ ಎರಡೂ ಸಲ ದಾರಿ ಬೇರೆಯಾಗಿತ್ತು. ನಕ್ಷೆಯಲ್ಲಿ ನೇರವಾಗಿ ಪೂರ್ವಕ್ಕೆ ಗೆರೆ ಎಳೆದರೆ ಪೆಸಿಫಿಕ್ ದಾಟಿ ಅಮೆರಿಕ ಸಿಗುತ್ತದೆ. ಹಾಗಿದ್ದರೂ ಉತ್ತರದ ಹಿಮಪ್ರದೇಶದ ಕಡೆಗೆ ಸುತ್ತುವುದೇಕೆ? ಮಾರ್ಚ್ ತಿಂಗಳಲ್ಲಿ ಮತ್ತೆ ಹೋಗುವವರಿದ್ದೇವೆ. ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು ಅಳಿಯಂದಿರಿಗೆ ಹೇಳುವುದು?"

ಉತ್ತರ: ನಿಮಗೆ ಸಿಕ್ಕ ಮೂರು ಸಂಖ್ಯೆಗಳೂ ಸರಿಯಾಗಿವೆ, ಅಳತೆಯ ಮಾನ ಮಾತ್ರ ಬೇರೆ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಭೂಮಿಯ ಮೇಲ್ಮೈಯನ್ನು ಅನುಸರಿಸಿ ಅಳೆದ ಅತಿ ಕಡಿಮೆ ದೂರ 14,000 ಕಿ.ಮೀ.ಗೆ ತೀರಾ ಸಮೀಪದಲ್ಲಿದೆ. ಅದನ್ನೇ ಸಾಮಾನ್ಯ ಮೈಲಿಯಲ್ಲಿ ಹೇಳಿದರೆ ಸುಮಾರು 8,700, ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ ಹೇಳಿದರೆ ಸುಮಾರು 7,550. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.; ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಅಂಥ ಅರವತ್ತು ಮೈಲಿಗಳಿರುವುದರಿಂದ ದಿಕ್ಕು ಗುರುತಿಸುವವರಿಗೆ ಆ ಮಾನ ಅನುಕೂಲ. ಒಂದೇ ಮಾನದಲ್ಲಿ ಕೊಟ್ಟ ಸಂಖ್ಯೆಗಳೂ ಹತ್ತಿಪ್ಪತ್ತು ಕಿ.ಮೀ.ಗಳಷ್ಟು ಹೆಚ್ಚುಕಡಿಮೆ ಇರಬಹುದು. ಭೂಮಿಯ ತ್ರಿಜ್ಯ ಸಮಭಾಜಕದಲ್ಲಿ 6,378 ಕಿ.ಮೀ. ಇದ್ದರೆ ಧ್ರುವದಲ್ಲಿ 6,357 ಕಿ.ಮೀ. ಇದೆ. ಕೆಲವರು ಭೂಮಿಯನ್ನು ಪರಿಪೂರ್ಣ ಗೋಲವೆಂದು ಎಣಿಸುತ್ತಾರೆ, ಕೆಲವರು ಈ ಚಪ್ಪಟೆತನವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಪ್ರಯಾಣಿಕರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ದಾರಿಯಲ್ಲಿ ಮತ್ತು ಹೊತ್ತಿನಲ್ಲಿ. ಎರಡು ಊರುಗಳ ನಡುವಿನ ದೂರ ಆ ಎರಡು ಊರುಗಳು ಎಲ್ಲಿವೆ ಎಂಬುದರಿಂದಲೇ ಸ್ಥಿರವಾಗಿ ನಿಂತುಬಿಡುತ್ತದೆ. ಹಾರಾಟದ ಅವಧಿ ಹಾಗಲ್ಲ. ಅದು ಆ ದಿನದ ಗಾಳಿ, ನಡುವಿನ ಪರ್ವತಗಳು, ಯಾವ ದೇಶ ತನ್ನ ಆಕಾಶದಲ್ಲಿ ಯಾರಿಗೆ ಅನುಮತಿ ಕೊಟ್ಟಿದೆ ಎಂಬ ಸಂಗತಿ, ವಿಮಾನ ಹೊತ್ತಿರುವ ಭಾರ ಇವೆಲ್ಲ ಸೇರಿ ಪ್ರತಿದಿನ ಹೊಸದಾಗಿ ನಿರ್ಧಾರವಾಗುತ್ತದೆ. ಕಿಲೋಮೀಟರನ್ನು ವೇಗದಿಂದ ಭಾಗಿಸಿದರೆ ಉತ್ತರ ಬಂತು ಎನ್ನುವ ಲೆಕ್ಕ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ತಕ್ಕಮಟ್ಟಿಗೆ ಹೊಂದಬಹುದು. ಅರ್ಧ ಭೂಮಂಡಲ ಸುತ್ತುವಾಗ ಹೊಂದುವುದಿಲ್ಲ.

ಮೊದಲು ನಕ್ಷೆಯ ವಿಷಯ. ನಮ್ಮ ಶಾಲೆಗಳ ಗೋಡೆಯ ಮೇಲಿರುವ ಜಗತ್ತಿನ ನಕ್ಷೆಗಳಲ್ಲಿ ಬಹಳಷ್ಟು 1569ರಲ್ಲಿ ಮರ್ಕೇಟರ್ ರೂಪಿಸಿದ ಪದ್ಧತಿಯನ್ನೋ ಅದಕ್ಕೆ ಸಮೀಪವಾದುದನ್ನೋ ಅನುಸರಿಸಿದವು. ನಾವಿಕರು ಒಂದೇ ದಿಕ್ಕು ಹಿಡಿದು ಸಾಗಲು ಅನುಕೂಲವಾಗಲೆಂದು ಮಾಡಿದ ಆ ನಕ್ಷೆ ದಿಕ್ಕನ್ನು ಸರಿಯಾಗಿ ತೋರಿಸುತ್ತದೆ, ಆದರೆ ಧ್ರುವಗಳ ಕಡೆಗೆ ಹೋದಂತೆ ಅಗಲವನ್ನು ವಿಪರೀತ ಹಿಗ್ಗಿಸುತ್ತದೆ. ಗ್ರೀನ್‌ಲ್ಯಾಂಡ್‌ಗಿಂತ ಆಫ್ರಿಕಾ ಸುಮಾರು ಹದಿನಾಲ್ಕು ಪಟ್ಟು ದೊಡ್ಡದಾಗಿದ್ದರೂ ಅಲ್ಲಿ ಎರಡೂ ಸರಿಸಮವಾಗಿ ಕಾಣುತ್ತವೆ. ವಾಸ್ತವದಲ್ಲಿ ರೇಖಾಂಶಗಳು ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಸಮಭಾಜಕದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ 111 ಕಿ.ಮೀ.; 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಅದು ಅದರ ಅರ್ಧ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಪೂರ್ವ ದಿಕ್ಕಿನಲ್ಲಿ ಸುಮಾರು 160 ಡಿಗ್ರಿ ರೇಖಾಂಶಗಳ ಅಂತರವಿರುವುದರಿಂದ, ಆ ಡಿಗ್ರಿಗಳು ಕಿರಿದಾಗಿರುವ ಉತ್ತರದಲ್ಲಿ ಅವುಗಳನ್ನು ದಾಟುವುದೇ ಲಾಭ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಮೊಮ್ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರವನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ತನಕ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ, ನೇಪಾಳದ ಪೋಖರಾ ಆಸುಪಾಸಿನಲ್ಲಿ ಹಿಮಾಲಯವನ್ನು ದಾಟಿ, ಟಿಬೆಟ್, ಪಶ್ಚಿಮ ಮಂಗೋಲಿಯಾದ ಅಂಚು, ಬೈಕಲ್ ಸರೋವರದ ಉತ್ತರಕ್ಕಿರುವ ಸೈಬೀರಿಯಾ ಹಾಗೂ ಯಾಕೂಟಿಯಾಗಳ ಮೇಲೆ ಹಾದು, ಕೊಲಿಮಾ ನದಿ ಸಮುದ್ರ ಸೇರುವ ಕಡೆಯಲ್ಲಿ ಆರ್ಕ್ಟಿಕ್ ತೀರವನ್ನು ಮುಟ್ಟುತ್ತದೆ. ಅಲ್ಲಿ ಅದು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುತ್ತದೆ. ಆಮೇಲೆ ಅಲಾಸ್ಕಾವನ್ನು ದಾಟಿ ಪೆಸಿಫಿಕ್ ಕರಾವಳಿಯ ಗುಂಟ ಇಳಿಯುತ್ತದೆ. ಗೋಲದ ಮೇಲಿನ ಈ ಬಿಗಿದಾರದ ಗೆರೆಯನ್ನೇ ಗಣಿತದಲ್ಲಿ ಮಹಾವೃತ್ತದ ಭಾಗವೆನ್ನುತ್ತಾರೆ. ಇದಕ್ಕೆ ಬದಲಾಗಿ ನೀವು ಹೇಳಿದಂತೆ ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆಯಲ್ಲಿ ಹೋದರೆ ಕ್ರಮಿಸಬೇಕಾದ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ನೇರವೆಂದು ಕಂಡ ದಾರಿ 2,100 ಕಿ.ಮೀ. ಉದ್ದ, ಅಂದರೆ ಗಾಳಿಯೇ ಇಲ್ಲದ ದಿನ ಎರಡು ಗಂಟೆಗೂ ಹೆಚ್ಚಿನ ಹಾರಾಟ. ಆದ್ದರಿಂದ ಉತ್ತರಕ್ಕೆ ಹೋಗುವುದು ಸುತ್ತು ಹಾಕುವುದಲ್ಲ, ಸುತ್ತು ತಪ್ಪಿಸುವುದು.

ಈ ಅತಿ ಕಿರುದಾರಿ ಉತ್ತರ ಧ್ರುವದ ಮೇಲೆ ಹಾದುಹೋಗುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಲೆಕ್ಕದ ಪ್ರಕಾರ ಅದು ಧ್ರುವದಿಂದ 2,000 ಕಿ.ಮೀ.ಗೂ ಹೆಚ್ಚು ದೂರವೇ ಉಳಿಯುತ್ತದೆ. ಧ್ರುವಕ್ಕೆ ತೀರಾ ಸಮೀಪ ಹಾಯುವುದು ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಗೆರೆ, ಏಕೆಂದರೆ ಆ ಎರಡು ಊರುಗಳು ಬಹುತೇಕ ಎದುರುಬದುರಿನ ರೇಖಾಂಶಗಳಲ್ಲಿವೆ. ಹಾಗಿದ್ದರೂ ಬೆಂಗಳೂರಿನ ವಿಮಾನ ಧ್ರುವದ ದಾರಿ ಹಿಡಿದದ್ದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ಸೇವೆ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿಯೇ ಬೆಂಗಳೂರಿಗೆ ಬಂದಿತು. ಹದಿನೇಳು ಗಂಟೆಗಳ ಆ ಹಾರಾಟ ನಮ್ಮ ವಿಮಾನಯಾನದ ಇತಿಹಾಸದಲ್ಲಿ ನಿಜಕ್ಕೂ ಹೆಮ್ಮೆಯ ಪುಟ. ಅತಿ ಕಡಿಮೆ ದೂರದ ದಾರಿ ಬೇರೆಲ್ಲೋ ಇದ್ದಾಗ ಧ್ರುವದ ಕಡೆಯಿಂದ ಬರುವುದು ಏಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರ ಗಾಳಿಯಲ್ಲಿದೆ.

ವಿಮಾನಗಳು ಹಾರುವ ಹತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಉತ್ತರ ಗೋಲಾರ್ಧದ ಮಧ್ಯ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಹರಿಯುವ ಗಾಳಿಯ ಪಟ್ಟಿಗಳಿವೆ. ಇವೇ ಜೆಟ್ ಪ್ರವಾಹಗಳು. ಚಳಿಗಾಲದಲ್ಲಿ ಜಪಾನಿನ ಮೇಲೆ ಮತ್ತು ಅದರ ಪೂರ್ವಕ್ಕಿರುವ ಪೆಸಿಫಿಕ್ ಮೇಲೆ ಇವುಗಳ ವೇಗ ಗಂಟೆಗೆ 200 ಕಿ.ಮೀ.ಯನ್ನು ಸುಲಭವಾಗಿ ಮೀರುತ್ತದೆ, ಕೆಲವೊಮ್ಮೆ 300 ಕಿ.ಮೀ.ಯನ್ನೂ ದಾಟುತ್ತದೆ. ಇದನ್ನು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಮೊದಲಾಗಿ ಅಳೆದು ದಾಖಲಿಸಿದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಯಿಶಿ. ಜಗತ್ತಿನವರೆಲ್ಲ ಓದಲಿ ಎಂಬ ಆಸೆಯಿಂದ ಅವರು ತಮ್ಮ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದರು. ಆದರೆ ಆ ಭಾಷೆ ಬಲ್ಲವರು ವಿರಳವಾಗಿದ್ದುದರಿಂದ ಹೊರಜಗತ್ತು ಅದನ್ನು ಬಹುಕಾಲ ಗಮನಿಸಲಿಲ್ಲ. ಮಳೆಗಾಲದಲ್ಲಿ ನಮ್ಮ ದಕ್ಷಿಣ ಭಾರತದ ಮೇಲೆ ಇದಕ್ಕೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಜೆಟ್ ಪ್ರವಾಹವೂ ಉಂಟು. 1950ರ ದಶಕದಲ್ಲಿ ಅದನ್ನು ವಿವರಿಸಿದ್ದರಲ್ಲಿ ಭಾರತದ ಪಿ. ಕೋಟೇಶ್ವರಂ ಅವರ ಪಾತ್ರ ದೊಡ್ಡದು. ಅಮೆರಿಕದ ದಾರಿಯ ಬಹುಭಾಗದಲ್ಲಿ ಮಾತ್ರ ಆಳುವುದು ಪಶ್ಚಿಮದಿಂದ ಬೀಸುವ ಗಾಳಿಯೇ.

ವಿಮಾನದ ವೇಗವೆಂದು ನಾವು ಹೇಳುವ ಗಂಟೆಗೆ 900 ಕಿ.ಮೀ. ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಪೂರ್ವಕ್ಕೆ ಗಂಟೆಗೆ 100 ಕಿ.ಮೀ. ಚಲಿಸುತ್ತಿದ್ದರೆ ಪೂರ್ವಕ್ಕೆ ಹೋಗುವ ವಿಮಾನ ನೆಲದ ಮೇಲೆ 1,000 ಕಿ.ಮೀ. ಕ್ರಮಿಸುತ್ತದೆ, ಪಶ್ಚಿಮಕ್ಕೆ ಹೋಗುವುದು 800 ಕಿ.ಮೀ. ಮಾತ್ರ. ಈಗ ಲೆಕ್ಕ ಮಾಡಿ ನೋಡಿ. ಗಾಳಿಯಿಲ್ಲದ ಆಕಾಶದಲ್ಲಿ 14,000 ಕಿ.ಮೀ.ಗೆ ಸುಮಾರು ಹದಿನೈದೂವರೆ ಗಂಟೆ ಬೇಕು. ದಕ್ಷಿಣಕ್ಕೆ ಸರಿದು, ಜಪಾನಿನ ಕಡೆಯಿಂದ 15,000 ಕಿ.ಮೀ. ಉದ್ದದ ದಾರಿ ಹಿಡಿದರೂ ಬೆನ್ನಗಾಳಿ ಸರಾಸರಿ 100 ಕಿ.ಮೀ. ಸಿಕ್ಕರೆ ಹದಿನೈದೇ ಗಂಟೆ ಸಾಕು. ಸಾವಿರ ಕಿಲೋಮೀಟರ್ ಹೆಚ್ಚು ಹಾರಿ ಅರ್ಧ ಗಂಟೆ ಮೊದಲೇ ತಲುಪಿದಂತಾಯಿತು! ಬರುವಾಗ ಅದೇ ಗಾಳಿ ಎದುರಾಗುವುದರಿಂದ ಅದನ್ನು ತಪ್ಪಿಸಿಕೊಳ್ಳಲು ವಿಮಾನ ಇನ್ನಷ್ಟು ಉತ್ತರಕ್ಕೆ, ಜೆಟ್ ಪ್ರವಾಹದ ಹಿಡಿತ ಸಡಿಲವಾಗಿರುವ ಧ್ರುವಪ್ರದೇಶದ ಕಡೆಗೆ ಸರಿಯುತ್ತದೆ. ನೀವು ಪರದೆಯಲ್ಲಿ ಎರಡು ದಾರಿಗಳನ್ನು ಕಂಡದ್ದು ಇದೇ ಕಾರಣದಿಂದ. ಹಾರಾಟ ಯೋಜನೆ ಮಾಡುವವರು ಪ್ರತಿದಿನದ ಗಾಳಿಯ ಮುನ್ಸೂಚನೆಯನ್ನು ಇಟ್ಟುಕೊಂಡು ದಾರಿ ಹುಡುಕುತ್ತಾರೆ, ಮತ್ತು ಅವರು ಹುಡುಕುವುದು ಕಡಿಮೆ ದೂರದ ದಾರಿಯನ್ನಲ್ಲ, ಕಡಿಮೆ ಹೊತ್ತು ಮತ್ತು ಕಡಿಮೆ ಇಂಧನ ಬೇಡುವ ದಾರಿಯನ್ನು.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗಾಗುವುದಿಲ್ಲ. 14,000 ಕಿ.ಮೀ.ಯನ್ನು 1,000ದ ವೇಗದಲ್ಲಿ ಹೋದರೆ ಹದಿನಾಲ್ಕು ಗಂಟೆ, 800ರ ವೇಗದಲ್ಲಿ ಬಂದರೆ ಹದಿನೇಳೂವರೆ ಗಂಟೆ, ಒಟ್ಟು ಮೂವತ್ತೊಂದೂವರೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಮೂವತ್ತೊಂದು ಗಂಟೆ ಚಿಲ್ಲರೆ ಸಾಕಿತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಬೆನ್ನಗಾಳಿಯಲ್ಲಿ ಇರುವುದು ಕಡಿಮೆ ಹೊತ್ತು, ಆದ್ದರಿಂದ ಗಾಳಿ ಬೀಸಿದಷ್ಟೂ ಹೋಗಿಬರುವ ಒಟ್ಟು ಅವಧಿ ಹೆಚ್ಚುತ್ತಲೇ ಹೋಗುತ್ತದೆ. ಗಾಳಿ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಅಟ್ಲಾಂಟಿಕ್‌ನ ಒಂದು ದಾಖಲೆ ಸಾಕು: 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಹೋಗಲು ಸಾಮಾನ್ಯವಾಗಿ ಏಳೂವರೆ ಗಂಟೆಯಾದರೂ ಬೇಕು.

ಇನ್ನು ದಾರದ ಗೆರೆ ತೋರಿಸುವ ಟಿಬೆಟ್ಟಿನ ದಾರಿಯನ್ನು ವಿಮಾನಗಳು ಸಾಮಾನ್ಯವಾಗಿ ಏಕೆ ಬಿಡುತ್ತವೆ ಎಂಬುದನ್ನು ಹೇಳಬೇಕು, ಏಕೆಂದರೆ ಇದನ್ನು ಯಾರೂ ಪ್ರಯಾಣಿಕರಿಗೆ ವಿವರಿಸುವುದಿಲ್ಲ. ಪರ್ವತಕ್ಕೆ ಡಿಕ್ಕಿ ಹೊಡೆಯುವ ಭಯ ಅದಲ್ಲ. ವಿಮಾನ ಎವರೆಸ್ಟಿಗಿಂತಲೂ ಮೇಲೆ ಹಾರಬಲ್ಲದು. ಕ್ಯಾಬಿನ್ನಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ ತಲೆಯ ಮೇಲಿನಿಂದ ಇಳಿದು ಬರುವ ಆಮ್ಲಜನಕದ ಮುಖವಾಡಗಳು ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು ಮಾತ್ರ ಕೆಲಸ ಮಾಡುತ್ತವೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಜನರು ಸಹಜವಾಗಿ ಉಸಿರಾಡಬಹುದಾದ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ಕೆಳಗಿಳಿಯಲು ಅಲ್ಲಿ ಜಾಗವೇ ಇಲ್ಲ, ತುರ್ತಾಗಿ ಇಳಿಯಬಹುದಾದ ದೊಡ್ಡ ನಿಲ್ದಾಣಗಳೂ ಕಡಿಮೆ. ಹಾಗಾಗಿ ಹೆಚ್ಚುವರಿ ಆಮ್ಲಜನಕ ಮತ್ತು ವಿಶೇಷ ಸಿದ್ಧತೆ ಇಲ್ಲದ ವಿಮಾನಗಳು ಪ್ರಸ್ಥಭೂಮಿಯನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಬಳಸಿಕೊಂಡು ಹೋಗುತ್ತವೆ. ಆ ಬಳಸು ದಾರಿಯಿಂದ ದೂರ ಹೆಚ್ಚುತ್ತದೆ, ಆದರೆ ಇದು ಚೌಕಾಸಿಗೆ ಒಳಪಡುವ ವಿಷಯವಲ್ಲ.

ಸೈಬೀರಿಯಾದ ಆಕಾಶ ಇನ್ನೊಂದು ಬಗೆಯ ತೊಡಕು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ ಮತ್ತು ಯುರೋಪಿನ ವಿಮಾನಯಾನ ಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿಹೋಯಿತು. ಭಾರತದ ಸಂಸ್ಥೆಗೆ ಮುಚ್ಚಲಿಲ್ಲ. ಬೆಂಗಳೂರಿಗೂ ಅಮೆರಿಕದ ಪಶ್ಚಿಮ ಕರಾವಳಿಗೂ ನೇರ ಹಾರಾಟ ನಡೆಸುತ್ತೇವೆಂದು ಘೋಷಿಸಿದ್ದ ಅಮೆರಿಕನ್ ಸಂಸ್ಥೆಗಳ ಯೋಜನೆಗಳು ಕೈಗೂಡಲಿಲ್ಲ, ಮತ್ತು ಅದಕ್ಕೆ ಈ ಮುಚ್ಚುಗಡೆಯೂ ಒಂದು ಕಾರಣ. ಅನುಮತಿ ಇದ್ದವರಿಗೂ ಆ ಪ್ರದೇಶ ಸಲೀಸಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಬೋಯಿಂಗ್ 777 ಎಂಜಿನ್ ತೊಂದರೆಯಿಂದಾಗಿ ರಷ್ಯಾದ ಪೂರ್ವತುದಿಯ ಮಗದಾನ್ ಪಟ್ಟಣದಲ್ಲಿ ಇಳಿಯಬೇಕಾಯಿತು. ಪ್ರಯಾಣಿಕರು ಸುರಕ್ಷಿತವಾಗಿದ್ದರು, ಆದರೆ ಬದಲಿ ವಿಮಾನ ಬಂದು ಅವರನ್ನು ಕರೆದೊಯ್ಯುವಷ್ಟರಲ್ಲಿ ಎರಡು ದಿನಗಳಾಗಿದ್ದವು. ಎರಡು ಎಂಜಿನ್‌ಗಳ ವಿಮಾನ ದಾರಿಯುದ್ದಕ್ಕೂ ನಿಗದಿತ ಹೊತ್ತಿನೊಳಗೆ ತಲುಪಬಹುದಾದ ಒಂದಲ್ಲ ಒಂದು ನಿಲ್ದಾಣವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಸಾಗಬೇಕೆಂಬ ನಿಯಮವಿದೆ. ಮಗದಾನ್ ಅಂದು ಆ ಕೆಲಸವನ್ನೇ ಮಾಡಿತು.

ಬೆಂಗಳೂರಿನಿಂದ ಹೊರಡುವ ವಿಮಾನಕ್ಕೆ ನಮ್ಮೂರಿನದೇ ಆದ ಒಂದು ಕಷ್ಟವೂ ಇದೆ. ಕೆಂಪೇಗೌಡ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಕೊಲ್ಲಿಯ ನೀರಿನ ಅಂಚಿನಲ್ಲೇ ಇದೆ. ಎತ್ತರದ ಊರಿನ ಗಾಳಿ ತೆಳುವಾದುದು, ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ಆಗ ರೆಕ್ಕೆಗೆ ಎತ್ತುವ ಬಲವೂ ಎಂಜಿನ್‌ಗೆ ತಳ್ಳುವ ಬಲವೂ ಕಡಿಮೆ ಸಿಗುತ್ತವೆ. ಈ ಮಾರ್ಗದಲ್ಲಿ ಬಳಸಿದ ಬೋಯಿಂಗ್ 777-200 ಎಲ್‌ಆರ್ ಮಾದರಿಯ ಟ್ಯಾಂಕುಗಳಲ್ಲಿ 1,81,000 ಲೀಟರ್‌ಗೂ ಹೆಚ್ಚು ಇಂಧನ ಹಿಡಿಯುತ್ತದೆ. ಅಂಥ ಭಾರ ಹೊತ್ತು ಮೇಲೇಳಲು ಉದ್ದದ ಓಟ ಬೇಕು; ಇಲ್ಲಿನ ಎರಡೂ ರನ್‌ವೇಗಳು 4,000 ಮೀಟರ್ ಉದ್ದ ಇರುವುದು ಇಂಥ ಹೊತ್ತಿಗೆ ನೆರವಾಗುತ್ತದೆ. ಹಾಗಿದ್ದರೂ ಭಾರದ ಮಿತಿ ಮೀರುವ ದಿನ ಸರಕನ್ನೋ ಸೀಟುಗಳನ್ನೋ ಖಾಲಿ ಬಿಡಬೇಕಾಗುತ್ತದೆ. ಇಷ್ಟು ದೂರದ ನೇರ ಹಾರಾಟ ವ್ಯಾಪಾರವಾಗಿ ನಡೆಸುವುದು ಕಷ್ಟವಾಗುವುದಕ್ಕೂ, ಸೇವೆಗಳು ಆರಂಭವಾಗಿ, ನಿಂತು, ಮತ್ತೆ ಬದಲಾಗುವುದಕ್ಕೂ ಇದೊಂದು ಕಾರಣ. ನೀವು ಹೊರಡುವ ತಿಂಗಳಲ್ಲಿ ನೇರ ವಿಮಾನ ಇದೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನ ಖಚಿತಪಡಿಸಿಕೊಳ್ಳಿ.

ಇಲ್ಲದಿದ್ದರೆ ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ಆಗ ಮಹಾವೃತ್ತದ ಲೆಕ್ಕ ನಿಮ್ಮ ನೆರವಿಗೆ ಬರುತ್ತದೆ. ದೆಹಲಿ ಆ ಗೆರೆಗೆ ಎಷ್ಟು ಸಮೀಪವಿದೆಯೆಂದರೆ, ಅಲ್ಲಿ ಇಳಿದು ಹೋದರೂ ಒಟ್ಟು ದೂರ ಸುಮಾರು 14,100 ಕಿ.ಮೀ., ಅಂದರೆ ನೂರು ಕಿ.ಮೀ. ಮಾತ್ರ ಹೆಚ್ಚು. ಹಾಂಗ್‌ಕಾಂಗ್ ಮೂಲಕ ಹೋದರೆ ಸುಮಾರು 15,100, ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550 ಕಿ.ಮೀ. ಆದರೆ ಈ ಸಾವಿರ ಎರಡು ಸಾವಿರ ಕಿಲೋಮೀಟರುಗಳಿಗಿಂತ ನಡುವೆ ಕಾಯುವ ಹೊತ್ತೇ ಪ್ರಯಾಣವನ್ನು ಉದ್ದ ಮಾಡುತ್ತದೆ. ಎರಡು ಗಂಟೆ ಕಾಯಬೇಕಾದ ದೂರದ ದಾರಿ ಎಂಟು ಗಂಟೆ ಕಾಯಬೇಕಾದ ಹತ್ತಿರದ ದಾರಿಗಿಂತ ಮೇಲು. ಹಿರಿಯರಿಗೆ ಹದಿನಾರು ಗಂಟೆ ಒಂದೇ ಸಮನೆ ಕೂರುವುದು ಕಾಲಿನ ರಕ್ತಸಂಚಾರದ ದೃಷ್ಟಿಯಿಂದ ಒಳ್ಳೆಯದಲ್ಲವಾದ್ದರಿಂದ, ನಡುವೆ ಮೂರು ಗಂಟೆಯ ವಿರಾಮವಿರುವ ದಾರಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಅಳಿಯಂದಿರಿಗೆ ಹೇಳಬೇಕಾದ ಹೊತ್ತು. ಟಿಕೆಟ್ಟಿನಲ್ಲಿ ಮುದ್ರಿಸಿರುವ ಅವಧಿ ವಿಮಾನ ಆಕಾಶದಲ್ಲಿರುವ ಅವಧಿಯಲ್ಲ, ಅದು ಈ ಊರಿನ ಗೇಟಿನಿಂದ ಆ ಊರಿನ ಗೇಟಿನವರೆಗಿನ ಅವಧಿ. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಗೇಟು ಸೇರುವುದು ಎಲ್ಲವೂ ಅದರಲ್ಲಿ ಸೇರಿವೆ, ಮತ್ತು ವಿಳಂಬಕ್ಕೆಂದು ಸ್ವಲ್ಪ ಹೆಚ್ಚುವರಿ ಹೊತ್ತನ್ನೂ ಸಂಸ್ಥೆಗಳು ಸೇರಿಸಿರುತ್ತವೆ. ಹೊರಡುವ ಮತ್ತು ತಲುಪುವ ಸಮಯಗಳು ಆಯಾ ಊರಿನ ಗಡಿಯಾರದಂತೆ ಇರುತ್ತವೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದಿದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ. ಅಂದಿನಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆ. ನೀವು ಹೋಗುವುದು ಮಾರ್ಚ್‌ನಲ್ಲಾದ್ದರಿಂದ ಆ ಭಾನುವಾರಕ್ಕೆ ಮುಂಚೆಯೋ ಆಮೇಲೆಯೋ ಎಂದು ನೋಡಿಕೊಳ್ಳಲೇಬೇಕು.

ಉದಾಹರಣೆಗೆ, ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಪ್ರಯಾಣ ಮಾಡಿದರೆ, ಗಡಿಯಾರ ಬದಲಾಗುವ ಮುಂಚೆ ಅದೇ ಸೋಮವಾರ ಸಂಜೆ ನಾಲ್ಕೂವರೆಗೆ, ಬದಲಾದ ಮೇಲಾದರೆ ಐದೂವರೆಗೆ ಅಲ್ಲಿರುತ್ತೀರಿ. ಪೆಸಿಫಿಕ್ ನಡುವಿನ ದಿನಾಂಕ ರೇಖೆಯನ್ನು ಪೂರ್ವಕ್ಕೆ ದಾಟುವಾಗ ಒಂದು ದಿನ ಮರಳಿ ಸಿಗುತ್ತದೆ, ಹಿಂತಿರುಗುವಾಗ ಅದನ್ನು ಕೊಟ್ಟುಬಿಡಬೇಕು. 2021ರ ಆ ಮೊದಲ ವಿಮಾನ ಜನವರಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಬೆಂಗಳೂರು ತಲುಪಿದ್ದು ಎರಡು ದಿನ ಹಾರಿದ್ದರಿಂದಲ್ಲ. ಆದ್ದರಿಂದ ಅಳಿಯಂದಿರಿಗೆ ಅವಧಿಯನ್ನು ಹೇಳಿ ಲೆಕ್ಕ ಹಾಕಲು ಬಿಡಬೇಡಿ. ವಿಮಾನದ ಸಂಖ್ಯೆ ಮತ್ತು ಟಿಕೆಟ್ಟಿನಲ್ಲಿರುವ ಅಲ್ಲಿನ ತಾರೀಖು, ಅಲ್ಲಿನ ಗಂಟೆ ಇಷ್ಟನ್ನು ತಿಳಿಸಿ. ಹೊರಟ ದಿನ ಗಾಳಿ ಚೆನ್ನಾಗಿದ್ದರೆ ವಿಮಾನ ಅರ್ಧ ಗಂಟೆ ಮೊದಲೇ ಇಳಿಯಬಹುದು. ಅಮೆರಿಕದಲ್ಲಿ ನೀವು ಮೊದಲು ಇಳಿಯುವ ನಿಲ್ದಾಣದಲ್ಲೇ ವಲಸೆ ತಪಾಸಣೆ ನಡೆಯುವುದರಿಂದ, ಸ್ಯಾನ್ ಫ್ರಾನ್ಸಿಸ್ಕೋಗೇ ಮೊದಲು ಹೋಗಿ ಇಳಿಯುವವರು ತಪಾಸಣೆ ಮುಗಿಸಿ ಪೆಟ್ಟಿಗೆಗಳನ್ನು ಪಡೆದು ಹೊರಬರಲು ಒಂದರಿಂದ ಎರಡು ಗಂಟೆ ಹಿಡಿಯಬಹುದು. ವಿಮಾನ ಇಳಿದ ಮೇಲೆ ನೀವೇ ಫೋನ್ ಮಾಡಿ, ಆಮೇಲೆ ಅವರು ಮನೆಯಿಂದ ಹೊರಟರೂ ಸಾಕಷ್ಟು ಹೊತ್ತಿರುತ್ತದೆ.